ಶಿಲ್ಪಿಯ ಎಡಗೈ

‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಮ್ಮ ಹಿರಿಯರು ಹೇಳಿದರು. ಒಕ್ಕಲುತನವನ್ನು ನಂಬಿ ಬಾಳಿದ ನಾಡಿಗೆ ಇದು ಒಪ್ಪುವ ಮಾತೇ ಸರಿ. ಕೆಸರಾದ ಕೈಯನ್ನು ಸಂಜೆ ತೊಳೆದುಕೊಂಡರೆ ಅದು ಮತ್ತೆ ಮೊದಲಿನ ಕೈಯೇ ಆಗುತ್ತದೆ. ಆದರೆ ಕೆಸರಿಗೆ ಬದಲು ನೆತ್ತರಾಗುವ ಕೈಗಳೂ ನಮ್ಮಲ್ಲಿವೆ. ಮರವನ್ನು ಕೆತ್ತಿ ದೇವರನ್ನೂ ಆನೆಯನ್ನೂ ಬಳ್ಳಿಯನ್ನೂ ಮೂಡಿಸುವ ಕೈಗಳು ಅಂಥವು. ಆ ಕೈಗೆ, ಅದರಲ್ಲಿಯೂ ಎಡಗೈಗೆ, ತಕ್ಕದೊಂದು ಕೈಗವಸು ದೊರೆಯಬೇಕೆಂಬುದೇ ಈ ಲೇಖನದ ವಿಷಯ. ವಿಷಯವು ಅಲ್ಪವಾಯಿತೆಂದು ಕೆಲವರಿಗೆ ತೋರಬಹುದು. ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳ ಲೇಖನಗಳಿರುವ ಪತ್ರಿಕೆಯಲ್ಲಿ ಕೈಗವಸಿಗೆ ಏನು ಸ್ಥಾನವೆಂದು ಕೇಳಲೂಬಹುದು. ಕಲೆಯನ್ನು ಕುರಿತು ಇಷ್ಟೊಂದು ಬರೆಯುವ ನಾವು, ಕಲೆ ಹುಟ್ಟುವ ಅಂಗವನ್ನು ಕುರಿತು ಒಂದು ಪುಟವನ್ನಾದರೂ ಬರೆಯುವುದು ನ್ಯಾಯವೆಂದು ನನ್ನ ಉತ್ತರ.

ನಮ್ಮ ಜನಕ್ಕೆ ಶಿಲ್ಪದ ಮೇಲೆ ಅಭಿಮಾನವಿಲ್ಲವೆಂದು ಯಾರೂ ಹೇಳಲಾರರು. ಬೇಲೂರು ಹಳೇಬೀಡುಗಳ ಪ್ರವಾಸವನ್ನು ಕೈಗೊಳ್ಳದ ಕಾಲೇಜು ವಿರಳ. ಸಭೆಗೆ ಬಂದ ಗಣ್ಯರಿಗೆ ಗಂಧದ ಹಾರ ಹಾಕುತ್ತೇವೆ. ಬೀಟೆಯ ಆನೆಯನ್ನು ಕಾಣಿಕೆಯಾಗಿ ಕೊಡುತ್ತೇವೆ. ಸಾಗರ, ಸೊರಬ, ಶಿರಸಿ, ಕುಮಟಾ, ಹೊನ್ನಾವರ ಮೊದಲಾದ ಕಡೆಗಳಲ್ಲಿ ನೆಲೆಸಿರುವ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಗಳು ದೇಶವಿದೇಶಗಳಿಗೆ ಹೋಗಿವೆ. ಆದರೆ ನಮ್ಮ ಅಭಿಮಾನವೆಲ್ಲ ಕೆತ್ತಿದ ವಸ್ತುವಿಗೆ ಸಲ್ಲುತ್ತದೆಯೇ ಹೊರತು ಕೆತ್ತಿದ ಕೈಗೆ ಸಲ್ಲುವುದಿಲ್ಲ. ಶ್ರೀಗಂಧದ ಮರವನ್ನು ಟಿಪ್ಪು ಸುಲ್ತಾನನು ೧೭೯೨ರಲ್ಲಿಯೇ ರಾಜವೃಕ್ಷವೆಂದು ಸಾರಿದನು. ಅಂದಿನಿಂದ ೧೯೬೩ರ ಅರಣ್ಯ ಕಾಯಿದೆಯವರೆಗೆ, ಅದರಿಂದ ಈಚೆಗೂ, ಆ ಮರಕ್ಕೆ ಕಾವಲು ತಪ್ಪಿಲ್ಲ. ಮರಕ್ಕೆ ಇಷ್ಟು ಕಾವಲಿಟ್ಟ ನಾಡು ಅದನ್ನು ಕೆತ್ತುವ ಕೈಗೆ ಯಾವ ಕಾವಲನ್ನಿಟ್ಟಿತು?

ಜಕಣಾಚಾರಿಯ ಐತಿಹ್ಯವನ್ನು ಕೇಳದ ಕನ್ನಡಿಗನಿಲ್ಲ. ವಿಗ್ರಹದ ಕಲ್ಲಿನಲ್ಲಿ ಕಪ್ಪೆಯಿರುವುದನ್ನು ಮಗನಾದ ಡಂಕಣನು ತೋರಿಸಿಕೊಟ್ಟಾಗ, ಆಡಿದ ಮಾತಿಗೆ ತಪ್ಪದೆ ತಂದೆಯು ತನ್ನ ಬಲಗೈಯನ್ನು ಕತ್ತರಿಸಿಕೊಂಡನೆಂದೂ, ಬಳಿಕ ತನ್ನ ಊರಾದ ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿ ಕೈಯನ್ನು ಮರಳಿ ಪಡೆದನೆಂದೂ, ಅದರಿಂದಲೇ ಆ ಊರಿಗೆ ಕೈದಾಳವೆಂದು ಹೆಸರಾಯಿತೆಂದೂ ಹೇಳುತ್ತಾರೆ. ತುಮಕೂರಿನ ಸಮೀಪದಲ್ಲಿ ಆ ಊರೂ ಆ ಗುಡಿಯೂ ಇಂದಿಗೂ ಇವೆ. ಕಥೆ ನಿಜವೋ ಅಲ್ಲವೋ ಎಂಬ ಚರ್ಚೆ ಇತಿಹಾಸದ ವಿದ್ಯಾರ್ಥಿಗಳಿಗಿರಲಿ. ಶಿಲ್ಪಿಗೆ ಕೈಗಿಂತ ದೊಡ್ಡ ಆಸ್ತಿಯಿಲ್ಲವೆಂಬುದನ್ನು ನಮ್ಮ ಜನ ಬಲ್ಲರು. ಅದಕ್ಕಾಗಿಯೇ ಈ ಕಥೆ ಬಾಳಿತು. ಆದರೆ ಕೈದಾಳದ ಚೆನ್ನಕೇಶವನು ಜಕಣನಿಗೆ ಕೊಟ್ಟ ವರವನ್ನು ಇಂದಿನ ಶಿಲ್ಪಿಗಳಿಗೆಲ್ಲ ಕೊಡುತ್ತಾನೆಂದು ನಂಬಿ ಕುಳಿತಿರುವಂತಿಲ್ಲ.

ಇನ್ನು ಗಾಯವಾಗುವ ಬಗೆಯನ್ನು ನೋಡೋಣ. ದೊಡ್ಡ ಬಾಗಿಲವಾಡವನ್ನೋ ತೇರಿನ ಹಲಗೆಯನ್ನೋ ಕೆತ್ತುವಾಗ ಮರವು ತನ್ನ ಭಾರದಿಂದಲೇ ನಿಂತಿರುತ್ತದೆ. ಎಡಗೈ ಉಳಿಯನ್ನು ಹಿಡಿದಿದ್ದರೆ ಬಲಗೈ ಕೊಡತಿಯಿಂದ ಹೊಡೆಯುತ್ತದೆ. ಎರಡು ಕೈಗಳೂ ಅಲಗಿನ ಹಿಂದೆಯೇ ಇರುವುದರಿಂದ ಅಪಾಯ ಕಡಮೆ. ಗಂಧದ ಚಿಕ್ಕ ತುಂಡಿನ ವಿಷಯ ಹಾಗಲ್ಲ. ಅಂಗೈಯಗಲದ ತುಂಡನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಸಣ್ಣ ಉಳಿಯನ್ನು ನೂಕುತ್ತ ಹೋಗಬೇಕು. ಅಲಗಿನ ದಾರಿಯ ಎದುರಿಗೇ ಎಡಗೈಯ ಹೆಬ್ಬೆರಳು, ತೋರುಬೆರಳು, ಅವೆರಡರ ನಡುವಿನ ಮೆತ್ತನೆಯ ಭಾಗ ಕಾದಿರುತ್ತವೆ. ಮರದ ಎಳೆಯು ಒಂದು ಕಡೆ ತಿರುಗಿಕೊಂಡರೆ, ಗಂಟೊಂದು ಅಡ್ಡ ಬಂದರೆ, ಉಳಿಯು ಜಾರಿ ನೇರವಾಗಿ ಅಲ್ಲಿಗೆ ಹೋಗುತ್ತದೆ. ಬಲಗೈ ಮಾಡಿದ ತಪ್ಪಿಗೆ ಎಡಗೈ ದಂಡ ತೆರುತ್ತದೆ.

ಚರ್ಮ ಮಾತ್ರ ಸೀಳಿದರೆ ಅರಿಸಿನ ಹಚ್ಚಿ ಬಟ್ಟೆ ಕಟ್ಟಿ ಮರುದಿನ ಕೆಲಸಕ್ಕೆ ಕೂಡುತ್ತಾರೆ. ಆದರೆ ಅಂಗೈಯ ಕಡೆಯಲ್ಲಿ, ಚರ್ಮದ ಕೆಳಗೆ ಹೆಚ್ಚು ಆಳವಿಲ್ಲದೆ, ಬೆರಳನ್ನು ಮಡಿಸುವ ಸ್ನಾಯುರಜ್ಜುಗಳೂ ಸ್ಪರ್ಶವನ್ನು ತಿಳಿಸುವ ನರಗಳೂ ಹಾದುಹೋಗುತ್ತವೆ. ರಜ್ಜು ಪೂರ್ತಿ ತುಂಡಾದರೆ ಅದು ತಾನಾಗಿ ಕೂಡಿಕೊಳ್ಳುವುದಿಲ್ಲ. ಶಸ್ತ್ರವೈದ್ಯರು ಹೊಲಿಯಬೇಕು, ಅದೂ ತಡಮಾಡದೆ. ಹೊಲಿದ ಮೇಲೆ ವಾರಗಟ್ಟಲೆ ಕೈಗೆ ಪಟ್ಟಿ ಕಟ್ಟಿ, ವೈದ್ಯರು ಹೇಳಿದ ವ್ಯಾಯಾಮಗಳನ್ನು ಮಾಡಬೇಕು. ಕೈಯಲ್ಲಿ ಬಿಗಿಯಾಗಿ ಏನನ್ನಾದರೂ ಹಿಡಿಯಲು ಸುಮಾರು ಮೂರು ತಿಂಗಳು ಕಾಯಬೇಕಾಗುತ್ತದೆ. ಸಂಬಳದ ರಜೆಯಿಲ್ಲದ ಮನೆಗೆ ಮೂರು ತಿಂಗಳೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನರವು ತುಂಡಾಗಿದ್ದರೆ ಬೆರಳ ತುದಿಯ ಅರಿವೇ ಹೋಗುವ ಸಂಭವವುಂಟು. ಮರದ ನುಣುಪನ್ನು ಬೆರಳಿನಿಂದಲೇ ನೋಡುವ ಕಸಬಿನವನಿಗೆ ಅದು ಕುರುಡೇ ಅಲ್ಲವೆ?

ಹೀಗಿದ್ದರೂ ನಮ್ಮ ಕೆತ್ತನೆಯವರಲ್ಲಿ ಕೈಗವಸಿನ ಬಳಕೆ ವಿರಳ. ಇದಕ್ಕೆ ಅವರು ಹೇಳುವ ಕಾರಣಗಳಲ್ಲಿ ಕೆಲವು ಸತ್ತ್ವವುಳ್ಳವು, ಕೆಲವು ಬರಿಯ ಅಭಿಮಾನದ ಮಾತುಗಳು. ಅಭಿಮಾನದ ಮಾತನ್ನು ಮೊದಲು ವಿಚಾರಿಸೋಣ. ಕೈಯ ಮೇಲಿನ ಗೀರುಗಳು ಕಸಬಿನ ಮುದ್ರೆಗಳೆಂದೂ, ಕೈಗೆ ಹೊದಿಕೆ ಹಾಕಿಕೊಳ್ಳುವವನು ಇನ್ನೂ ಕಲಿಯುವ ಹುಡುಗನೆಂದೂ ಒಂದು ಭಾವನೆ ಬೇರೂರಿದೆ. ಗಾಯವಿಲ್ಲದೆ ವಿದ್ಯೆ ಬಾರದೆಂಬ ನಂಬಿಕೆ ಇದರ ಹಿಂದಿದೆ. ಆದರೆ ದರ್ಜಿಯು ಬೆರಳಿಗೆ ಅಂಗುಸ್ತಾನ ಹಾಕಿಕೊಂಡರೆ ಅವನಿಗೆ ಹೊಲಿಗೆ ಬಾರದೆಂದು ನಾವು ಹೇಳುವುದಿಲ್ಲ. ಮಲೆನಾಡಿನಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸು ಬೆರಳಿಗೆ ಬಟ್ಟೆ ಸುತ್ತಿಕೊಂಡರೆ ಆಕೆ ಅಂಜುಬುರುಕಿಯೆಂದು ನಗುವುದಿಲ್ಲ. ೧೯೮೩ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿ ನಮ್ಮ ರಾಜ್ಯದ ಸೈಯದ್ ಕಿರ್ಮಾನಿಯವರು ವಿಕೆಟ್ಟಿನ ಹಿಂದೆ ನಿಂತಿದ್ದರು. ಕೈಗೆ ಗವಸು ಹಾಕಿಕೊಂಡೇ ನಿಂತಿದ್ದರು. ಅದರಿಂದ ಅವರ ಕೀರ್ತಿಗೆ ಯಾವ ಕುಂದೂ ಬರಲಿಲ್ಲ. ಹಾಗಾದರೆ ಶಿಲ್ಪಿಯೊಬ್ಬನು ಮಾತ್ರ ಬರಿಗೈಯಲ್ಲಿ ಶೌರ್ಯ ತೋರಿಸಬೇಕೆಂದು ನಾವೇಕೆ ಬಯಸಬೇಕು?

ಸತ್ತ್ವವುಳ್ಳ ಆಕ್ಷೇಪಣೆಗಳು ಬೇರೆ. ಗವಸು ಹಾಕಿಕೊಂಡರೆ ಮರದ ಸ್ಪರ್ಶ ತಿಳಿಯುವುದಿಲ್ಲ, ಕೈ ಬೆವರುತ್ತದೆ, ಹಿಡಿತ ಜಾರುತ್ತದೆ, ಬೆಲೆ ತೆತ್ತು ತಂದದ್ದು ಎರಡು ದಿನಕ್ಕೆ ಹರಿಯುತ್ತದೆ. ಈ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಇವು ಕೈಗವಸಿಗೆ ವಿರೋಧವಾದ ಮಾತುಗಳಲ್ಲ, ಕೆಲಸಕ್ಕೊಪ್ಪದ ಕೈಗವಸಿಗೆ ವಿರೋಧವಾದ ಮಾತುಗಳು. ಪೇಟೆಗೆ ಹೋಗಿ ‘ಕೈಗವಸು ಕೊಡಿ’ ಎಂದರೆ ಅಂಗಡಿಯವರು ಏನು ತೆಗೆದುಕೊಡುತ್ತಾರೆ? ಬಿಳಿಯ ಹತ್ತಿಯ ನೂಲಿನದು ಒಂದು. ಅದು ಕೊಳೆಯನ್ನು ತಡೆಯುತ್ತದೆ, ಉಳಿಯನ್ನು ತಡೆಯುವುದಿಲ್ಲ. ರಬ್ಬರಿನದು ಇನ್ನೊಂದು; ಅದು ನೀರಿಗೆ ಸರಿ, ಅಲಗಿನ ಮುಂದೆ ನಿಲ್ಲದು. ಬೆಸುಗೆಯವರ ದಪ್ಪ ಚರ್ಮದ ಗವಸು ಮತ್ತೊಂದು. ಅದು ಕಿಡಿಯನ್ನು ತಡೆಯುತ್ತದೆ, ಆದರೆ ಅದನ್ನು ತೊಟ್ಟು ಗಂಧದ ಚೂರನ್ನು ಹಿಡಿಯುವುದೆಂದರೆ ಹೊದಿಕೆ ಸುತ್ತಿಕೊಂಡು ಸೂಜಿಗೆ ದಾರ ಪೋಣಿಸಿದಂತೆ. ಈ ಮೂರನ್ನು ಕಂಡವರು ಕೈಗವಸೇ ನಿರರ್ಥಕವೆಂದು ತೀರ್ಮಾನಿಸಿದರೆ ಆಶ್ಚರ್ಯವೇನೂ ಇಲ್ಲ.

ಕೆತ್ತನೆಗೆ ಒಪ್ಪುವ ಗವಸು ಬೇರೆ ಜಾತಿಯದು. ದಪ್ಪವಾದುದೆಲ್ಲ ರಕ್ಷಿಸುತ್ತದೆಂಬ ಹಳೆಯ ಎಣಿಕೆಯನ್ನು ರಸಾಯನಶಾಸ್ತ್ರವು ಬದಲಾಯಿಸಿಬಿಟ್ಟಿದೆ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿದ್ದ ಸ್ಟೆಫನಿ ಕ್ವೋಲೆಕ್ ಎಂಬ ವಿಜ್ಞಾನಿಯು, ಮೋಟಾರಿನ ಟೈರುಗಳಿಗೆ ಹಗುರವೂ ಬಲವೂ ಆದ ಎಳೆಯನ್ನು ಹುಡುಕುತ್ತಿದ್ದಾಗ, ೧೯೬೫ರಲ್ಲಿ ಒಂದು ಹೊಸ ಎಳೆಯನ್ನು ಕಂಡುಹಿಡಿದಳು. ಅದೇ ಕೆವ್ಲಾರ್. ತೂಕಕ್ಕೆ ತೂಕ ಇಟ್ಟು ನೋಡಿದರೆ ಇದು ಉಕ್ಕಿಗಿಂತ ಸುಮಾರು ಐದು ಪಟ್ಟು ಬಲವುಳ್ಳದ್ದು. ಆಮೇಲೆ ವಿಶೇಷ ರೀತಿಯ ಪಾಲಿಥೀನ್ ಎಳೆಗಳೂ ಬಂದವು. ಇವು ಕೈಗೆ ತಂಪು, ಆದರೆ ಬೆಂಕಿಯ ಬಳಿ ಕರಗುತ್ತವೆ. ಇಂಥ ಎಳೆಗಳ ಜೊತೆಗೆ ಕೂದಲಿನಷ್ಟು ತೆಳುವಾದ ಉಕ್ಕಿನ ತಂತಿಯನ್ನು ಹೊಸೆದು ಹೆಣೆದ ಗವಸುಗಳೂ ಉಂಟು. ನೋಡುವುದಕ್ಕೆ ಇವು ಚಳಿಗಾಲದ ಉಣ್ಣೆಯ ಗವಸಿನಂತೆಯೇ ಕಾಣುತ್ತವೆ. ಬೆಲೆ ಕೆಲವು ನೂರು ರೂಪಾಯಿ.

ಇವುಗಳಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ? ಯೂರೋಪಿನವರು ಗೊತ್ತುಪಡಿಸಿದ ಇ.ಎನ್. ೩೮೮ ಎಂಬ ಪ್ರಮಾಣವೊಂದಿದೆ. ಆ ಪ್ರಮಾಣಕ್ಕೆ ಒಳಪಟ್ಟ ಗವಸಿನ ಬೆನ್ನಿನ ಮೇಲೆ ಸುತ್ತಿಗೆಯ ಚಿತ್ರವೊಂದು ಇದ್ದು, ಅದರ ಕೆಳಗೆ ನಾಲ್ಕು ಅಂಕೆಗಳೂ ಒಂದು ಅಕ್ಷರವೂ ಇರುತ್ತವೆ. ಅಂಕೆಗಳು ಕ್ರಮವಾಗಿ ಸವೆತ, ಕತ್ತರಿಕೆ, ಹರಿತ, ಚುಚ್ಚು ಇವುಗಳನ್ನು ಗವಸು ಎಷ್ಟು ತಾಳುತ್ತದೆಂಬುದನ್ನು ಹೇಳುತ್ತವೆ. ಬಲವಾದ ಗವಸುಗಳಲ್ಲಿ, ಪರೀಕ್ಷಿಸುವ ಅಲಗೇ ಮೊಂಡಾಗುವುದರಿಂದ, ಎರಡನೆಯ ಅಂಕೆಯ ಜಾಗದಲ್ಲಿ ಕೆಲವೊಮ್ಮೆ ‘ಎಕ್ಸ್’ ಎಂದಿರುತ್ತದೆ. ಆದುದರಿಂದ ೨೦೧೬ರಲ್ಲಿ ಪ್ರಮಾಣವನ್ನು ತಿದ್ದಿ ಕೊನೆಯ ಅಕ್ಷರವನ್ನು ಸೇರಿಸಿದರು. ಕೆತ್ತನೆಯವನು ಮುಖ್ಯವಾಗಿ ನೋಡಬೇಕಾದುದು ಆ ಅಕ್ಷರವನ್ನೇ. ಅಲಗು ೨೦ ಮಿಲಿಮೀಟರು ಸರಿಯುವಷ್ಟರಲ್ಲಿ ಬಟ್ಟೆಯನ್ನು ಸೀಳಬೇಕಾದರೆ ಎಷ್ಟು ಒತ್ತಡ ಬೇಕೆಂಬುದನ್ನು ಅದು ಸೂಚಿಸುತ್ತದೆ. ‘ಎ’ ಎಂದರೆ ೨ ನ್ಯೂಟನ್, ‘ಬಿ’ ೫, ‘ಸಿ’ ೧೦, ‘ಡಿ’ ೧೫, ‘ಇ’ ೨೨, ‘ಎಫ್’ ೩೦. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಭಾರದ ಒತ್ತಡ. ಕೈಯಲ್ಲಿ ತುಂಡನ್ನು ಹಿಡಿದು ಕೆತ್ತುವವನಿಗೆ ‘ಸಿ’ಗಿಂತ ಕೆಳಗಿನದು ಪ್ರಯೋಜನವಿಲ್ಲವೆಂದೂ, ‘ಡಿ’ ಅಥವಾ ಮೇಲಿನದು ಉಚಿತವೆಂದೂ ನನ್ನ ಅಭಿಪ್ರಾಯ.

ಸ್ಪರ್ಶದ ಆಕ್ಷೇಪಣೆಗೂ ಇಲ್ಲಿ ಸಮಾಧಾನವುಂಟು. ಹೆಣಿಗೆಯ ನಯವನ್ನು ‘ಗೇಜ್’ ಎಂಬ ಸಂಖ್ಯೆಯಿಂದ ಅಳೆಯುತ್ತಾರೆ. ೭, ೧೦ ಗೇಜಿನವು ಒರಟು, ೧೩ರದು ಮಧ್ಯಮ, ೧೫, ೧೮ರವು ನಯವಾದವು. ನಯವಾದಷ್ಟೂ ಮರದ ಉಬ್ಬುತಗ್ಗು ಬೆರಳಿಗೆ ಹೆಚ್ಚು ತಿಳಿಯುತ್ತದೆ. ಅಳತೆಯೂ ಮುಖ್ಯ. ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತಳತೆಯನ್ನು ತೆಗೆದರೆ, ೧೭೮ ಮಿಲಿಮೀಟರಿಗೆ ೭ನೆಯ ಅಳತೆ, ೨೦೩ಕ್ಕೆ ೮ನೆಯದು, ೨೨೯ಕ್ಕೆ ೯ನೆಯದು ಒಪ್ಪುತ್ತದೆ. ಸಡಿಲವಾದ ಗವಸಿನ ತುದಿ ಅಲಗಿಗೆ ಸಿಕ್ಕಿ ಕೈಯನ್ನು ಎಳೆಯುತ್ತದೆ. ಎಲ್ಲರಿಗೂ ಒಂದೇ ಅಳತೆಯನ್ನು ಹಂಚಿದರೆ, ಅದರಲ್ಲಿಯೂ ಕೆತ್ತನೆ ಕಲಿತ ಹೆಣ್ಣುಮಕ್ಕಳಿಗೆ ಗಂಡಸರ ಅಳತೆಯನ್ನು ಕೊಟ್ಟರೆ, ಅದು ಮನೆಯ ಮೊಳೆಗೆ ತೂಗುಬೀಳುವುದೇ ಹೊರತು ಕೈಗೇರುವುದಿಲ್ಲ.

ಎರಡು ಕೈಗೂ ಗವಸು ಬೇಕಾಗಿಲ್ಲವೆಂಬುದನ್ನು ನೆನಪಿಡಬೇಕು. ಉಳಿಯ ಹಿಡಿಯನ್ನು ಹಿಡಿದ ಕೈ ಬರಿದಾಗಿಯೇ ಇರಲಿ. ಅದಕ್ಕೆ ಹಿಡಿತ ಬೇಕು. ಮರವನ್ನು ಹಿಡಿದ ಕೈಗೆ ಮಾತ್ರ ಗವಸು. ಎಡಚರಾದರೆ ಇದನ್ನು ಅದಲುಬದಲು ಮಾಡಿಕೊಂಡರಾಯಿತು. ಅಂಗೈಗೆ ಲೇಪವಿಲ್ಲದ ಹೆಣಿಗೆಯ ಗವಸುಗಳಿಗೆ ಎಡಬಲವೆಂಬ ಭೇದವಿಲ್ಲದಿರುವುದರಿಂದ, ಒಂದು ಜೊತೆಯನ್ನು ಕೊಂಡವನಿಗೆ ಎರಡು ಎಡಗೈಗವಸು ಸಿಕ್ಕಂತಾಯಿತು. ಒಂದನ್ನು ತೊಳೆದು ಒಣಗಿಸುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ಬೆವರಿನ ತೊಂದರೆಯೂ ಖರ್ಚಿನ ತೊಂದರೆಯೂ ಅರ್ಧ ಇಳಿಯುತ್ತವೆ. ಕೆವ್ಲಾರಿನದನ್ನು ಬ್ಲೀಚಿಂಗ್ ಪುಡಿಯಲ್ಲಿ ತೊಳೆಯಬಾರದು, ಬಿಸಿಲಿನಲ್ಲಿ ಹರಡಬಾರದು, ಎರಡರಿಂದಲೂ ಎಳೆಯ ಬಲ ಕುಂದುತ್ತದೆ.

ಇಷ್ಟು ಹೇಳಿದ ಮೇಲೆ ಕೈಗವಸಿನ ಮಿತಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಯಾವ ಗವಸೂ ವಜ್ರಕವಚವಲ್ಲ. ಅದು ಗಾಯವನ್ನು ಅಸಾಧ್ಯ ಮಾಡುವುದಿಲ್ಲ, ಆಳವಾಗಬೇಕಾದುದನ್ನು ಗೀರಾಗಿಸುತ್ತದೆ. ಹೆಗಲಿನ ಬಲವನ್ನೆಲ್ಲ ಹಾಕಿ ನೂಕಿದ ಉಳಿಯ ಒತ್ತಡವು ಮೂರು ಕಿಲೋವನ್ನು ಸುಲಭವಾಗಿ ಮೀರಬಲ್ಲದು. ಇದಲ್ಲದೆ ಕತ್ತರಿಸುವುದು ಬೇರೆ, ಚುಚ್ಚುವುದು ಬೇರೆ. ಹೆಣಿಗೆಯ ಕಣ್ಣುಗಳ ನಡುವೆ ಚೂಪಾದ ಮೊನೆಯು ನುಸುಳಿಬಿಡುತ್ತದೆ. ಆದುದರಿಂದ ಮೊನೆಯುಳ್ಳ ಸಲಕರಣೆಯನ್ನು ಬಳಸುವಾಗ ಹೆಬ್ಬೆರಳಿಗೆ ಚರ್ಮದ ಒಂದು ಟೊಪ್ಪಿಗೆಯನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಹಳೆಯ ಚರ್ಮದ ಗವಸಿನ ಒಂದು ಬೆರಳನ್ನು ಕತ್ತರಿಸಿಕೊಂಡರೂ ಸಾಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ತಿರುಗುವ ಯಂತ್ರದ ಹತ್ತಿರ ಕೈಗವಸು ರಕ್ಷಕನಲ್ಲ, ಶತ್ರು. ಚನ್ನಪಟ್ಟಣದ ಬೊಂಬೆ ಕೆಲಸದವರು ಹಾಲೆ ಮರವನ್ನು ಲೇತ್ ಯಂತ್ರದ ಮೇಲೆ ತಿರುಗಿಸಿ ಅರಗಿನ ಬಣ್ಣ ಹಚ್ಚುತ್ತಾರೆ. ಅಂಥ ಯಂತ್ರಕ್ಕಾಗಲಿ, ಕೊರೆಯುವ ಯಂತ್ರಕ್ಕಾಗಲಿ ಗವಸಿನ ಒಂದು ಎಳೆ ಸಿಕ್ಕಿಕೊಂಡರೆ, ಆ ಬಲವಾದ ಎಳೆ ಹರಿಯದೆ ಬೆರಳನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ಬರಿಗೈಯೇ ಕ್ಷೇಮ. ಗವಸು ಹಂಚುವವರು ಈ ಮಾತನ್ನು ಹೇಳದೆ ಹಂಚಿದರೆ ಉಪಕಾರಕ್ಕೆ ಬದಲು ಅಪಕಾರವಾದೀತು. ಹಾಗೆಯೇ ಗವಸಿದೆಯೆಂದು ಸಾಣೆಯನ್ನು ಮರೆಯಬಾರದು. ಮೊಂಡಾದ ಉಳಿಗೆ ಹೆಚ್ಚು ಬಲ ಬೇಕು. ಹೆಚ್ಚು ಬಲ ಹಾಕಿದಾಗಲೇ ಉಳಿ ಜಾರುವುದು. ಹರಿತವಾದ ಉಳಿ, ತುಂಡನ್ನು ಬಿಗಿದಿಡಲು ಒಂದು ಹಿಡಿಕೆ, ಅವುಗಳ ಬಳಿಕ ಗವಸು ಎಂಬುದು ಸರಿಯಾದ ಕ್ರಮ.

ಇನ್ನು ಇದನ್ನು ಒದಗಿಸುವ ಹೊಣೆ ಯಾರದು? ೧೯೪೮ರ ಕಾರ್ಖಾನೆಗಳ ಕಾಯಿದೆಯು, ವಿದ್ಯುತ್ತಿನ ಬಲವಿದ್ದಲ್ಲಿ ಹತ್ತು ಮಂದಿ, ಇಲ್ಲದಲ್ಲಿ ಇಪ್ಪತ್ತು ಮಂದಿ ದುಡಿಯುವ ಜಾಗವನ್ನು ಕಾರ್ಖಾನೆಯೆಂದು ಎಣಿಸಿತು. ಮನೆಯ ಜಗುಲಿಯಲ್ಲಿ ಮಗನನ್ನೋ ತಮ್ಮನನ್ನೋ ಕೂರಿಸಿಕೊಂಡು ಕೆತ್ತುವ ಗುಡಿಗಾರನ ಬಳಿಗೆ ಅಂಥ ಕಾಯಿದೆ ಹೇಗೆ ಬಂದೀತು? ಅವನಿಗೆ ಅವನೇ ಮಾಲೀಕ, ಅವನೇ ಕೂಲಿ. ಆದುದರಿಂದ ಅವನ ವಿಷಯದಲ್ಲಿ ಸರ್ಕಾರವೂ ಸಮಾಜವೂ ಮಾಲೀಕನ ಸ್ಥಾನದಲ್ಲಿ ನಿಲ್ಲಬೇಕು. ೨೦೨೩ರ ಸೆಪ್ಟೆಂಬರ್ ೧೭ರಂದು ಕೇಂದ್ರ ಸರ್ಕಾರವು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳು, ಶಿಲ್ಪಿಗಳು, ಬೊಂಬೆ ಮಾಡುವವರು ಸೇರಿದಂತೆ ೧೮ ಕಸಬುಗಳಿಗೆ ಸ್ಥಾನವಿದೆ. ತರಬೇತಿಯ ದಿನಗಳಲ್ಲಿ ದಿನಕ್ಕೆ ೫೦೦ ರೂಪಾಯಿ ಭತ್ಯವೂ, ಸಲಕರಣೆಗಳಿಗಾಗಿ ೧೫,೦೦೦ ರೂಪಾಯಿಗಳವರೆಗೆ ನೆರವೂ ಅದರಲ್ಲಿ ಗೊತ್ತಾಗಿವೆ. ಇದು ಮೆಚ್ಚತಕ್ಕ ವಿಷಯ. ಮರ ಕೆತ್ತುವವನಿಗೆ ಅಂಥ ನೆರವಿನಿಂದ ಬರುವ ಪೆಟ್ಟಿಗೆಯಲ್ಲಿ ಉಳಿ, ಅರ, ಗರಗಸಗಳ ಜೊತೆಗೆ ಗವಸೂ ಇರಲೇಬೇಕು. ಎಂಥದೋ ಒಂದು ಗವಸಲ್ಲ, ಗುರುತು ನೋಡಿ, ಅಳತೆ ನೋಡಿ ಆರಿಸಿದ ಗವಸು. ಹರಿತವಾದ ಉಳಿಯನ್ನು ಕೊಡುವವನು ಅದಕ್ಕೆದುರಾಗಿರುವ ಕೈಯನ್ನೂ ನೆನೆಯಬೇಡವೆ? ಕೆತ್ತನೆಯನ್ನು ಕಲಿಸುವ ಕೇಂದ್ರಗಳಲ್ಲಿ ಮೊದಲ ದಿನದಿಂದಲೇ ಗವಸು ತೊಡುವ ಅಭ್ಯಾಸವಾಗಬೇಕು. ಇಪ್ಪತ್ತು ವರ್ಷ ಬರಿಗೈಯಲ್ಲಿ ದುಡಿದವರನ್ನು ತಿದ್ದುವುದು ಕಷ್ಟ; ಗವಸಿನಲ್ಲಿಯೇ ಕಲಿತವನಿಗೆ ಅದು ತನ್ನ ಚರ್ಮವೇ ಆಗಿರುತ್ತದೆ.

ಕಲೆಯೇ ಅಳಿಯುತ್ತಿರುವಾಗ ಕೈಗವಸಿನ ಚಿಂತೆಯೇಕೆಂದು ಕೇಳುವವರಿದ್ದಾರೆ. ಗಂಧದ ಮರವು ದುರ್ಲಭವಾಗಿದೆ. ಗಣಕಯಂತ್ರದ ಅಪ್ಪಣೆಯಂತೆ ಕೆತ್ತುವ ಯಂತ್ರಗಳು ಬಂದಿವೆ. ಗುಡಿಗಾರರ ಮಕ್ಕಳೇ ಬೇರೆ ಉದ್ಯೋಗಗಳನ್ನು ಹುಡುಕಿ ಹೋಗುತ್ತಿದ್ದಾರೆ. ಇವೆಲ್ಲವೂ ದಿಟ. ಆದರೆ ಯಂತ್ರವು ಕೆತ್ತಲಾರದ ಸೂಕ್ಷ್ಮ ಕೆಲಸ ಮಾತ್ರವೇ ಇನ್ನು ಮುಂದೆ ಕೈಗೆ ಉಳಿಯುವುದು, ಮತ್ತು ಆ ಸೂಕ್ಷ್ಮ ಕೆಲಸವೇ ಕೈಗೆ ಅತ್ಯಂತ ಅಪಾಯದ್ದು. ಕೆಲವೇ ಕೈಗಳು ಉಳಿದಿರುವುದಾದರೆ ಒಂದೊಂದು ಕೈಯ ಬೆಲೆ ಹೆಚ್ಚುತ್ತದೆಯೇ ವಿನಾ ಕಡಮೆಯಾಗುವುದಿಲ್ಲ. ಮಗನು ಕಸಬನ್ನು ಬಿಡುವುದಕ್ಕೆ ಸಂಪಾದನೆಯ ಕೊರತೆಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಮಡಿಸಲಾಗದ ತಂದೆಯ ಬೆರಳನ್ನು ದಿನವೂ ಊಟದೆಲೆಯ ಮುಂದೆ ನೋಡುವ ಹುಡುಗನಿಗೆ ಉಳಿಯ ಮೇಲೆ ಪ್ರೀತಿ ಹುಟ್ಟುವುದು ಹೇಗೆ?

ಕಲಾ ಕಾಲೇಜಿನ ವಿದ್ಯಾರ್ಥಿಗಳಾದ ನಾವು ಇದರಲ್ಲಿ ಮಾಡತಕ್ಕದ್ದೇನೂ ಇಲ್ಲವೆಂದು ಕೈಕಟ್ಟಿ ಕೂಡಬೇಕಾಗಿಲ್ಲ. ನಮ್ಮಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕವಿದೆ. ವರ್ಷಕ್ಕೊಮ್ಮೆ ಶಿಬಿರ ನಡೆಯುತ್ತದೆ. ಮುಂದಿನ ಶಿಬಿರದಲ್ಲಿ ದರ್ಜಿಯ ಟೇಪೊಂದನ್ನೂ ಒಂದು ಬರೆಯುವ ಪುಸ್ತಕವನ್ನೂ ಹಿಡಿದು ಕೆತ್ತನೆಯವರ ಮನೆಗಳಿಗೆ ಹೋಗೋಣ. ಯಾರ ಅಂಗೈ ಎಷ್ಟು ಸುತ್ತು, ಯಾರು ಯಾವ ಕೈಯಲ್ಲಿ ಮರ ಹಿಡಿಯುತ್ತಾರೆ, ಯಾರಿಗೆ ಎಂಥ ಗಾಯವಾಗಿದೆ ಎಂಬುದನ್ನು ಬರೆದುಕೊಳ್ಳೋಣ. ಎಲ್ಲರ ಅಳತೆಯನ್ನು ಸೇರಿಸಿ ಒಟ್ಟಿಗೆ ತರಿಸಿದರೆ ಒಬ್ಬೊಬ್ಬರು ಪೇಟೆ ಅಲೆಯುವ ಕಷ್ಟ ತಪ್ಪುತ್ತದೆ. ಕೈಗಾರಿಕಾ ಇಲಾಖೆಗೆ ಅರ್ಜಿ ಬರೆಯುವುದಕ್ಕೆ ನಮ್ಮ ಓದು ಸಾಲದೆ? ಗವಸಿನ ಮೇಲಿನ ಗುರುತಿನ ಅರ್ಥವನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟು ಬರೆದು ಹಂಚುವುದಕ್ಕೆ ನಮ್ಮ ಭಾಷೆ ಸಾಲದೆ? ಪೂಜ್ಯ ಅಧ್ಯಾಪಕರು ದಾರಿ ತೋರಿಸಿದರೆ ಇದು ಒಂದು ಶಿಬಿರದಲ್ಲಿ ಮುಗಿಯುವ ಕೆಲಸ.

ಸಮಾರಂಭದಲ್ಲಿ ಶಿಲ್ಪಿಗೆ ಶಾಲು ಹೊದಿಸುವ ಸಂಪ್ರದಾಯ ನಮ್ಮಲ್ಲಿದೆ. ಅದು ಮುಂದುವರಿಯಲಿ. ಆದರೆ ಹೆಗಲಿಗೆ ಹೊದಿಸುವ ಮೊದಲು ಅವನ ಎಡಗೈಯನ್ನು ಒಮ್ಮೆ ಬಿಡಿಸಿ ನೋಡೋಣ. ಅಲ್ಲಿ ಕಾಣುವ ಗೆರೆಗಳಲ್ಲಿ ವಿಧಿ ಬರೆದವು ಕೆಲವಾದರೆ ಉಳಿ ಬರೆದವು ಹಲವು. ವಿಧಿಯ ಬರೆಹವನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಉಳಿಯ ಬರೆಹವನ್ನು ತಡೆಯುವುದು ಕೆಲವು ನೂರು ರೂಪಾಯಿಗಳ ಮಾತು.